ಅಗಲ ಪರದೆ : ಕೊಳ್ಳುವ ಮುನ್ನ, ಕೆಟ್ಟಿತೆನ್ನುವ ಮುನ್ನ

ಕಳೆದ ಮಾಘಮಾಸದಲ್ಲಿ ಧಾರವಾಡದ ನಮ್ಮ ಮನೆಗೆ ಆಳುದ್ದಕ್ಕೆ ಸ್ವಲ್ಪವೇ ಕಡಿಮೆಯೆನ್ನಬಹುದಾದ ಒಂದು ರಟ್ಟಿನ ಪೆಟ್ಟಿಗೆ ಬಂದಿತು. ನಮ್ಮ ತಮ್ಮನ ಮಗ ನೌಕರಿಗೆ ಸೇರಿ ಆಗ ಒಂದು ವರ್ಷ ತುಂಬಿತ್ತು. ತಿಂಗಳು ತಿಂಗಳು ಉಳಿಸಿದ ಹಣದಿಂದ ಅವನು ತನ್ನ ಆಟದ ಗಣಕಯಂತ್ರಕ್ಕೆಂದು ತರಿಸಿದ ಅಗಲ ಪರದೆ ಅದರೊಳಗಿತ್ತು. ಈಗಿನವರು ಇದನ್ನು ಅಲ್ಟ್ರಾವೈಡ್ ಮಾನಿಟರ್ ಎನ್ನುತ್ತಾರೆ. "ಆಟಕ್ಕ ಇಷ್ಟು ರೊಕ್ಕಾ ಸುರವೂದೇನು?" ಎಂದು ನಮ್ಮ ತಮ್ಮ ಒಂದೇ ಮಾತು ಆಡಿ ಸುಮ್ಮನಾದ. ಆ ಸುಮ್ಮನಿರುವಿಕೆ ಮಾತಿಗಿಂತ ಭಾರವಾಗಿತ್ತು. ಆರನೆಯ ದಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ, ಮೂರು ನಾಲ್ಕು ಕ್ಷಣಗಳ ನಂತರ ತಾನಾಗಿಯೇ ಮರಳಿ ಬೆಳಗಿತು. ಏಳನೆಯ ದಿನ ಹಾಗೆ ಐದಾರು ಸಲ ಆಯಿತು. ಸಾಮಾನನ್ನು ಹಿಂದಿರುಗಿಸಲು ಅಂಗಡಿಯವರು ಕೊಟ್ಟಿದ್ದ ಗಡುವು ಹತ್ತು ದಿನ.

ನಾವು ಗಣಕಯಂತ್ರದ ಪಂಡಿತರಲ್ಲ. ಆದರೆ ಹುಡುಗ ಪರದೆ ಆರಿಸುತ್ತಿದ್ದ ಎರಡು ತಿಂಗಳು ಅವನೊಡನೆ ಕುಳಿತು ಓದಿದೆವು, ಅಂಗಡಿಗಳನ್ನು ಸುತ್ತಿದೆವು, ತಿಳಿದವರನ್ನು ಕೇಳಿದೆವು. ಇಂತಹ ಪೆಟ್ಟಿಗೆ ಇಂದು ಎಷ್ಟೋ ಮನೆಗಳಿಗೆ ಬರುತ್ತಿರುವುದರಿಂದ, ನಾವು ಕಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ದೂರದರ್ಶನದ ಸಾಮಾನ್ಯ ಪರದೆಯ ಅಗಲ 16 ಪಾಲಾದರೆ ಎತ್ತರ 9 ಪಾಲು. ಅಗಲ ಪರದೆಯಲ್ಲಿ ಎತ್ತರದ 9 ಪಾಲಿಗೆ ಅಗಲ ಸುಮಾರು 21 ಪಾಲು. ಈ ಆಕಾರ ಹೊಸದೇನಲ್ಲ. 1953ರಲ್ಲಿ ಅಮೆರಿಕೆಯ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 'ದಿ ರೋಬ್' ಚಿತ್ರದೊಂದಿಗೆ ಸಿನೆಮಾಸ್ಕೋಪನ್ನು ಜನರೆದುರಿಗೆ ತಂದಿತು. ಹಿಂದಿಯಲ್ಲಿ 1959ರ 'ಕಾಗಜ್ ಕೆ ಫೂಲ್', ಕನ್ನಡದಲ್ಲಿ 1977ರ 'ಸೊಸೆ ತಂದ ಸೌಭಾಗ್ಯ' ಆ ಅಗಲದಲ್ಲಿ ಬಂದವು. ನಮ್ಮ ವಯಸ್ಸಿನವರಿಗೆ ಚಿತ್ರಮಂದಿರದಲ್ಲಿ ಪರದೆಯ ಎರಡೂ ಬದಿಯ ಬಟ್ಟೆ ಸರಿದು ಅಗಲವಾಗುತ್ತಿದ್ದ ಆ ಗಳಿಗೆ ಇನ್ನೂ ನೆನಪಿದೆ. ಗಣಕದ ಮೇಜಿಗೆ ಈ ಆಕಾರ 2012ರಲ್ಲಿ ಎಲ್‌ಜಿ ಸಂಸ್ಥೆಯ 29 ಅಂಗುಲದ ಪರದೆಯಾಗಿ ಇಳಿದು ಬಂದಿತು.

ಕೊಳ್ಳುವವರು ಮೊದಲು ಮೋಸಹೋಗುವುದು ಅಂಗುಲದ ಲೆಕ್ಕದಲ್ಲಿ. ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಹೇಳುವುದು ರೂಢಿ. ಪರದೆ ಅಗಲವಾದಷ್ಟೂ ಅದೇ ಅಂಗುಲದಲ್ಲಿ ಎತ್ತರ ಕುಗ್ಗುತ್ತದೆ. 34 ಅಂಗುಲದ ಅಗಲ ಪರದೆಯ ಎತ್ತರ 13 ಅಂಗುಲಕ್ಕೆ ತುಸು ಹೆಚ್ಚು. ಎಂದರೆ 27 ಅಂಗುಲದ ಸಾಮಾನ್ಯ ಪರದೆಯ ಎತ್ತರ. 29 ಅಂಗುಲದ್ದನ್ನು ಕೊಂಡರೆ ಎತ್ತರ 23 ಅಂಗುಲದ ಸಾಮಾನ್ಯ ಪರದೆಯಷ್ಟೇ. ಮನೆಯಲ್ಲಿ ಈಗಾಗಲೇ 27 ಅಂಗುಲದ್ದು ಇದ್ದವರು 29 ಅಂಗುಲದ ಅಗಲ ಪರದೆ ತಂದು, "ಇದೇನು, ಸಣ್ಣದಾಯಿತಲ್ಲ" ಎಂದು ಪೇಚಾಡುವುದುಂಟು. ಮೇಜನ್ನೂ ಅಳೆಯಬೇಕು. 34 ಅಂಗುಲದ್ದರ ಅಗಲ ಸುಮಾರು 80 ಸೆಂಟಿಮೀಟರ್. ಕಣ್ಣಿಗೂ ಅದಕ್ಕೂ ನಡುವೆ ಹೆಚ್ಚುಕಡಿಮೆ ಅಷ್ಟೇ ಅಂತರವಿದ್ದರೆ ಕತ್ತು ತಿರುಗಿಸದೆ ನೋಡಬಹುದು. ನಮ್ಮ ಮನೆಯ ಹಳೆಯ ಸಾಗವಾನಿ ಮೇಜು ಅಷ್ಟು ಆಳವಿರಲಿಲ್ಲ, ಪರದೆಯ ಕಾಲುಗಳೇ ಅರ್ಧ ಜಾಗ ನುಂಗಿದವು. ಕೊನೆಗೆ ಮೇಜನ್ನು ಗೋಡೆಯಿಂದ ಮುಂದಕ್ಕೆಳೆದು, ಹಿಂದೆ ಒಂದು ಹಲಗೆ ಕೂಡಿಸಬೇಕಾಯಿತು.

ಎರಡನೆಯದು ಚುಕ್ಕಿಗಳ ಲೆಕ್ಕ. ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಪರದೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆದದ್ದು. ಸಾಧಾರಣ 1920×1080 ಪರದೆಯಲ್ಲಿ 20,73,600 ಚುಕ್ಕಿಗಳಿದ್ದರೆ, 34 ಅಂಗುಲದ 3440×1440 ಪರದೆಯಲ್ಲಿ 49,53,600. ಸುಮಾರು 2.4 ಪಟ್ಟು! ಆಟದಲ್ಲಿ ಈ ಒಂದೊಂದು ಚುಕ್ಕಿಯ ಬಣ್ಣವನ್ನೂ ಸೆಕೆಂಡಿಗೆ ಹಲವಾರು ಸಲ ಲೆಕ್ಕ ಹಾಕಿ ಕೊಡಬೇಕಾದುದು ಗ್ರಾಫಿಕ್ಸ್ ಕಾರ್ಡು. ಹಳೆಯ ಪರದೆಯ ಮೇಲೆ ಸರಾಗವಾಗಿ ಓಡುತ್ತಿದ್ದ ಆಟ ಹೊಸದರ ಮೇಲೆ ಕುಂಟಿದರೆ ಅದು ಪರದೆಯ ದೋಷವಲ್ಲ. ಒಂದೆತ್ತಿನ ಗಾಡಿಗೆ ಎರಡೆತ್ತಿನ ಹೇರು ಹೇರಿದಂತೆ. ನಮ್ಮ ಹುಡುಗನ ಕಾರ್ಡು ಮೂರು ವರ್ಷದ್ದು. 49 ಅಂಗುಲದ 5120×1440 ಪರದೆಯ ಮೇಲೆ ಅವನ ಕಣ್ಣಿತ್ತು. 73 ಲಕ್ಷಕ್ಕೂ ಮೀರಿದ ಅದರ ಚುಕ್ಕಿಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವನೇ 34ಕ್ಕೆ ಇಳಿದ. ಕಾರ್ಡು ತುಸು ಸೋತರೂ ನಡೆಯುವ ಉಪಾಯಗಳಿವೆ: ಎನ್ವಿಡಿಯಾದ ಡಿಎಲ್ಎಸ್ಎಸ್, ಎಎಂಡಿಯ ಎಫ್ಎಸ್ಆರ್ ಎಂಬ ವಿಧಾನಗಳು ಚಿತ್ರವನ್ನು ಚಿಕ್ಕದಾಗಿ ಬರೆದು ಹಿಗ್ಗಿಸಿ ಕೊಡುತ್ತವೆ. ಆದರೆ ಅದನ್ನು ನಂಬಿ ಪರದೆ ಕೊಳ್ಳುವುದು ಬೇಡ. 34 ಅಂಗುಲದಲ್ಲಿಯೇ 2560×1080ರ ಅಗ್ಗದ ಪರದೆಗಳೂ ಸಿಗುತ್ತವೆ. ಅವುಗಳಲ್ಲಿ ಚುಕ್ಕಿಗಳು ದೊಡ್ಡವಾಗಿ ಅಕ್ಷರಗಳು ಒರಟಾಗಿ ಕಾಣುತ್ತವೆ. ಓದುವ ಕಣ್ಣಿಗೆ ಅದು ಹಿತವಲ್ಲ.

ಪರದೆಯ ಜಾತಿಗಳು ಮೂರು. ಐಪಿಎಸ್ ಎಂಬುದರಲ್ಲಿ ಬಣ್ಣ ನಿಚ್ಚಳ, ಓರೆಯಾಗಿ ನೋಡಿದರೂ ಕೆಡುವುದಿಲ್ಲ; ಆದರೆ ಕತ್ತಲ ದೃಶ್ಯದಲ್ಲಿ ಕಪ್ಪು ಬೂದಿಯಾಗಿ ಕಾಣುತ್ತದೆ. ವಿಎ ಎಂಬುದರಲ್ಲಿ ಕಪ್ಪು ಗಾಢ. ಆದರೆ ಕತ್ತಲಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಬಳಿದಂತಹ ಬಾಲ ಕಾಣಬಹುದು. ಓಎಲ್ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ಎಂದರೆ ನಿಜವಾದ ಕಪ್ಪು. 2022ರಿಂದ 34 ಅಂಗುಲದಲ್ಲಿಯೂ ಅದು ದೊರೆಯುತ್ತಿದೆ. ಬೆಲೆ ಹೆಚ್ಚು, ಒಂದೇ ಚಿತ್ರವನ್ನು ದಿನಗಟ್ಟಲೆ ಅಲುಗಾಡದೆ ಇಟ್ಟರೆ ಅದರ ಕಲೆ ಪರದೆಯಲ್ಲಿ ಉಳಿದುಹೋಗುವ ಭಯವೂ ಇದೆ. ಹಗಲು ಕಚೇರಿಯ ಕೆಲಸ, ರಾತ್ರಿ ಆಟ ಎನ್ನುವ ಮನೆಗೆ ಐಪಿಎಸ್ ಅಥವಾ ವಿಎ ಸಾಕೆಂಬುದು ನಮ್ಮ ಅಭಿಪ್ರಾಯ. ಹುಡುಗ ಕೊಂಡದ್ದು ವಿಎ. ಬಾಗಿನ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 1500ಆರ್ ಎಂದರೆ 1500 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಣುಕು, ಅಂಕಿ ಚಿಕ್ಕದಾದಷ್ಟೂ ಬಾಗು ಹೆಚ್ಚು, ಅಷ್ಟೇ.

ಯಾವ ಆಟಕ್ಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಲಾರಿ ಓಡಿಸುವ, ವಿಮಾನ ಹಾರಿಸುವ ಆಟಗಳಲ್ಲಿ ಎಡಬಲದ ಕಿಟಕಿಗಳೂ ಕಣ್ಣಿಗೆ ಬೀಳುವುದರಿಂದ ಅಗಲ ಪರದೆಯ ಸೊಗಸು ನಿಜವಾಗಿಯೂ ತಿಳಿಯುತ್ತದೆ. ಆದರೆ 2022ರಲ್ಲಿ ಬಂದ 'ಎಲ್ಡನ್ ರಿಂಗ್' ಎಂಬ ಹೆಸರಾಂತ ಆಟ ಅಗಲ ಪರದೆಯನ್ನು ತುಂಬುವುದಿಲ್ಲ, ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ನಡುವೆ ಮಾತ್ರ ಆಡಿಸುತ್ತದೆ. ಅದೊಂದೇ ಆಟಕ್ಕೆಂದು ಇಂತಹ ಪರದೆ ತಂದವರ ಪಾಡು ಹೇಳತೀರದು.

ಇನ್ನು ನಮ್ಮ ಮನೆಯ ಕಪ್ಪು ಪರದೆಗೆ ಬರೋಣ. ಎಂಟನೆಯ ದಿನ ಬೆಳಿಗ್ಗೆ ಹುಡುಗ ಬಂದು, "ದೊಡ್ಡಪ್ಪಾರ, ಪರದೇನ ಕೆಟ್ಟೈತ್ರಿ. ವಾಪಸ್ ಕಳಸಿಬಿಡ್ತೀನಿ" ಎಂದ. ಅಂಗಡಿಯವನೂ ದೂರವಾಣಿಯಲ್ಲಿ, ನೋಡದೆಯೇ, ಹಾಗೆಯೇ ಹೇಳಿದ್ದನಂತೆ. ಹುಡುಗನ ಮುಖದಲ್ಲಿ ಪರದೆ ಕೆಟ್ಟ ದುಃಖಕ್ಕಿಂತ ತಂದೆಯ ಮಾತು ನಿಜವಾಯಿತಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಹಳೆಯ ಹಸ್ತಪ್ರತಿಗಳನ್ನು ತಾಳೆ ನೋಡುವುದರಲ್ಲಿ ವಯಸ್ಸು ಕಳೆದ ನಮಗೆ, ಪಾಠ ಕೆಟ್ಟಿದೆಯೆನ್ನುವ ಮೊದಲು ಎಲ್ಲಿ ಕೆಟ್ಟಿದೆಯೆಂದು ನೋಡುವ ಚಟ. "ಎಂದೆಂದು ಕಪ್ಪಾಯಿತು, ಆಗ ನೀನು ಏನು ಮಾಡುತ್ತಿದ್ದೆ?" ಎಂದು ಕೇಳಿದೆವು. ಅವನು ಸ್ವಲ್ಪ ಯೋಚಿಸಿ ನಗುತ್ತ, "ಅವ್ವ ಊಟಕ್ಕ ಕರದಾಗನ ಕಪ್ಪ ಆಗತೈತ್ರಿ" ಎಂದ.

ಅವನು ನಗೆಯಾಡಿದ್ದ. ನಾವು ಆ ಸಂಜೆ ಅವನ ಹಿಂದೆ ಕುಳಿತು ನೋಡಿದೆವು. ಅಡುಗೆಮನೆಯಿಂದ ಕರೆ ಬಂದಿತು, ಹುಡುಗ ಎದ್ದ, ಪರದೆ ಕಪ್ಪಾಯಿತು. ಕಪ್ಪಾದ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬರ್ಥದ ಒಂದು ಸಣ್ಣ ಚೌಕ ಮೂಡಿ ಮಾಯವಾಯಿತು. ಓದುಗರು ಇದನ್ನು ಗಮನಿಸಬೇಕು. ಅಂತಹ ಸೂಚನೆಯಾಗಲಿ, ಗುಂಡಿ ಒತ್ತಿದಾಗ ಪರದೆಯ ಸ್ವಂತ ಪಟ್ಟಿಯಾಗಲಿ ಕಾಣಿಸಿದರೆ ಗಾಜು ಮತ್ತು ಬೆಳಕು ಜೀವಂತವಾಗಿವೆ. ಚಿತ್ರ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ.

ಹುಡುಗ ಕರೆಗೆ ಓಗೊಟ್ಟು ಏಳುತ್ತಿದ್ದುದು ಹೊಸ ಕುರ್ಚಿಯಿಂದ. ಗ್ಯಾಸಿನ ಕೊಳವೆಯ ಮೇಲೆ ಏರಿಳಿಯುವ, ಚಕ್ರದ ಕುರ್ಚಿ. ಒಂದು ಸಂಜೆ ಅವನನ್ನು ಅಡುಗೆಮನೆಯ ಮರದ ಕುರ್ಚಿಯ ಮೇಲೆ ಕೂರಿಸಿದೆವು. ಹತ್ತು ಸಲ ಎದ್ದ, ಕೂತ. ಪರದೆ ಕದಲಲಿಲ್ಲ. ಹೊಸ ಕುರ್ಚಿ ಮರಳಿ ತಂದೆವು. ಮೂರನೆಯ ಸಲ ಎದ್ದಾಗ ಕಪ್ಪಾಯಿತು. ಇದು ನಮ್ಮ ಭ್ರಮೆಯೇನೋ ಎಂದು ಹುಡುಕಿದರೆ, ಪರದೆಗಳನ್ನು ಜೋಡಿಸುವ ಚಿಪ್ಪುಗಳನ್ನು ತಯಾರಿಸುವ ಡಿಸ್ಪ್ಲೇಲಿಂಕ್ ಸಂಸ್ಥೆಯೇ ತನ್ನ ಗ್ರಾಹಕರಿಗೆ ಈ ಮಾತನ್ನು ಬರೆದು ತಿಳಿಸಿದೆ: ಇಂತಹ ಕುರ್ಚಿಯಿಂದ ಏಳುವಾಗ, ಕೂರುವಾಗ ಹುಟ್ಟುವ ವಿದ್ಯುತ್ತಿನ ಕಿಡಿಯಂತಹ ಅಲೆಯನ್ನು ಚಿತ್ರದ ಕೇಬಲ್ಲು ಸೆಳೆದುಕೊಂಡು ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಒಣಹವೆಯಲ್ಲಿ ಇಂತಹ ವಿದ್ಯುತ್ತು ಸುಲಭವಾಗಿ ಕೂಡಿಕೊಳ್ಳುತ್ತದೆ. ಮಾಘದಲ್ಲಿ ನೈಲಾನಿನ ಅಂಗಿ ಕಳಚುವಾಗ ಚಟಚಟವೆನ್ನುವುದನ್ನು ಎಲ್ಲರೂ ಕೇಳಿದ್ದೇವೆ.

ಹಾಗಾದರೆ ಕುರ್ಚಿಯೇ ಅಪರಾಧಿಯೇ? ಕೇಬಲ್ಲನ್ನೂ ನೋಡದೆ ಹೇಳಲಾಗದು. ಪೆಟ್ಟಿಗೆಯೊಡನೆ ಒಂದೂವರೆ ಮೀಟರಿನ ಕೇಬಲ್ಲು ಬಂದಿತ್ತು. ಮೇಜನ್ನು ಮುಂದಕ್ಕೆಳೆದದ್ದರಿಂದ ಅದು ಗಣಕಕ್ಕೆ ಎಟುಕದೆ, ಹುಡುಗ ಎಲ್ಲಿಯೋ ಇದ್ದ ಮೂರು ಮೀಟರಿನ ಅಗ್ಗದ ಡಿಸ್ಪ್ಲೇಪೋರ್ಟ್ ಕೇಬಲ್ಲನ್ನು ಹಾಕಿದ್ದ. 3440×1440 ಚಿತ್ರವನ್ನು ಸೆಕೆಂಡಿಗೆ 144 ಸಲ ಸಾಗಿಸುವುದು ಕೇಬಲ್ಲಿಗೆ ಹಗುರವಾದ ಕೆಲಸವಲ್ಲ. ಉದ್ದ ಹೆಚ್ಚಿದಷ್ಟೂ ಅದು ಸೋಲುತ್ತದೆ. ಗಣಕವನ್ನೇ ಮೇಜಿನ ಬಳಿಗೆ ಸರಿಸಿ ಮೂಲದ ಗಿಡ್ಡ ಕೇಬಲ್ಲು ಹಾಕಿದೆವು. ಅದೇ ಹೊಸ ಕುರ್ಚಿಯಲ್ಲಿ ಹುಡುಗ ಇಪ್ಪತ್ತು ಸಲ ಎದ್ದ. ಒಮ್ಮೆಯೂ ಕಪ್ಪಾಗಲಿಲ್ಲ. ಬಳಿಕ ವಿದ್ಯುತ್ ಕೆಲಸದವರನ್ನು ಕರೆಸಿದಾಗ, ಬೋರ್ಡಿನ ಮೂರನೆಯ ತೂತಿಗೆ ಅರ್ತಿಂಗ್ ತಂತಿಯೇ ಇಲ್ಲವೆಂಬುದೂ ತಿಳಿಯಿತು, ಅದನ್ನೂ ಹಾಕಿಸಿದೆವು. ಪರದೆಯನ್ನು ಹಿಂದಿರುಗಿಸಿದ್ದರೆ ಬದಲಿ ಬಂದ ಪರದೆಯೂ ಅದೇ ಕೇಬಲ್ಲಿಗೆ ಜೋಡಿಸಲ್ಪಟ್ಟು, ಅದೇ ಊಟದ ಕರೆಗೆ ಕಪ್ಪಾಗುತ್ತಿತ್ತು.

ಕೇಬಲ್ಲು ಕೊಳ್ಳಲೇಬೇಕಾದರೆ ಎರಡು ಮೀಟರನ್ನು ಮೀರದ, ವೆಸಾ ಎಂಬ ಮಾನಕ ಮಂಡಳಿಯ ಪ್ರಮಾಣ ಪಡೆದುದನ್ನೇ ಕೊಳ್ಳಬೇಕು. ಕೆಲವು ಕಳಪೆ ಡಿಸ್ಪ್ಲೇಪೋರ್ಟ್ ಕೇಬಲ್ಲುಗಳಲ್ಲಿ, ಬೆಸೆಯಬಾರದ 20ನೆಯ ಪಿನ್ನನ್ನೂ ಬೆಸೆದಿರುತ್ತಾರೆ. ಅದರಿಂದ ಪರದೆಯ ವಿದ್ಯುತ್ತು ಗಣಕಕ್ಕೆ ಹಿಮ್ಮೊಗವಾಗಿ ಹರಿದು, ಗಣಕ ಶುರುವಾಗದಿರುವ ಪ್ರಸಂಗಗಳೂ ಉಂಟು.

ಉಳಿದ ಕಾಯಿಲೆಗಳು ಬಹುಪಾಲು ಕಾಯಿಲೆಗಳೇ ಅಲ್ಲ. 144 ಸಲದ ಪರದೆ ತಂದು ವಿಂಡೋಸಿನಲ್ಲಿ 60ಕ್ಕೇ ಬಿಟ್ಟಿರುವವರು ಬಹಳ. ಡಿಸ್ಪ್ಲೇ ವಿಭಾಗದ ಒಳಗೆ ಹೋಗಿ ರಿಫ್ರೆಶ್ ರೇಟನ್ನು ಕೈಯಾರೆ ಬದಲಿಸಬೇಕು. ಹಳೆಯ ಎಚ್‌ಡಿಎಂಐ 2.0 ದಾರಿಯಲ್ಲಿ ಈ ಪರದೆಗಳು ಸಾಮಾನ್ಯವಾಗಿ 100ರ ಆಸುಪಾಸಿನಲ್ಲಿ ನಿಲ್ಲುತ್ತವೆ. 144 ಬೇಕೆಂದರೆ ಡಿಸ್ಪ್ಲೇಪೋರ್ಟ್ ಹಿಡಿಯಬೇಕು. ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಮದರ್‌ಬೋರ್ಡಿನ ತೂತಿಗೆ ಹಾಕಿ, ಆಟ ತೆವಳುತ್ತದೆಂದು ದೂರುವವರನ್ನೂ ಕಂಡಿದ್ದೇವೆ. ಕತ್ತಲ ದೃಶ್ಯಗಳಲ್ಲಿ ಮಾತ್ರ ಬೆಳಕು ಮಿಣುಕಿದರೆ ಅಡಾಪ್ಟಿವ್ ಸಿಂಕ್ ಎಂಬುದನ್ನು ಒಮ್ಮೆ ನಿಲ್ಲಿಸಿ ನೋಡಬೇಕು. ವಿಎ ಮತ್ತು ಓಎಲ್ಇಡಿ ಪರದೆಗಳಲ್ಲಿ ಅದು ಕಾಣುವಂತಹದೇ. ಸತ್ತ ಚುಕ್ಕಿಗಳಿವೆಯೇ ಎಂಬುದನ್ನು ಮಾತ್ರ ಮೊದಲ ದಿನವೇ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ತುಂಬಿಸಿ ನೋಡಿಕೊಳ್ಳಬೇಕು. ಗಡುವು ಮುಗಿಯುವವರೆಗೆ ರಟ್ಟಿನ ಪೆಟ್ಟಿಗೆಯನ್ನು ಅಟ್ಟದ ಮೇಲಿಡಬೇಕು, ತಾಯಂದಿರು ಎಷ್ಟೇ ಅವಸರಪಡಿಸಿದರೂ ರದ್ದಿಗೆ ಕೊಡಬಾರದು. ಎತ್ತುವಾಗ ಹೆಬ್ಬೆರಳನ್ನು ಗಾಜಿನ ಮೇಲೆ ಊರಬಾರದು. ಬಾಗಿದ ಪರದೆ ಅಲ್ಲಿಯೇ ಬಿರುಕು ಬಿಡುತ್ತದೆ.

ಹತ್ತನೆಯ ದಿನ ಗಡುವು ಮುಗಿಯಿತು. ಪರದೆ ಮನೆಯಲ್ಲಿಯೇ ಉಳಿಯಿತು. ಮುಂದಿನ ರವಿವಾರ ಕ್ರಿಕೆಟ್ ಪಂದ್ಯವಿತ್ತು. ನಮ್ಮ ತಮ್ಮ ತಾನಾಗಿಯೇ ಮಗನ ಕೋಣೆಗೆ ಹೋಗಿ, ಆ ಹೊಸ ಕುರ್ಚಿಯಲ್ಲಿಯೇ ಕುಳಿತ. ದೂರದರ್ಶನದ ಚಿತ್ರ 16ಕ್ಕೆ 9ರದಾದ್ದರಿಂದ ಪಂದ್ಯ ನಡುವೆ ನಿಂತು, ಎಡಬಲಗಳು ಖಾಲಿಯಾಗಿದ್ದವು. ಬಹಳ ಹೊತ್ತು ನೋಡಿದ ಮೇಲೆ ಅವನು ಕೇಳಿದ: "ಅಲ್ಲೋ, ಈ ಎರಡೂ ಬಾಜೂ ಕರಿ ಪಟ್ಟಿಗೂ ರೊಕ್ಕಾ ಕೊಟ್ಟೀ ಏನು?"

"ಹೌದಪ್ಪಾ" ಎಂದ ಹುಡುಗ. ಇಬ್ಬರೂ ನಕ್ಕರು. ಅಡುಗೆಮನೆಯಿಂದ ಊಟಕ್ಕೆ ಕರೆ ಬಂದಿತು. ನಮ್ಮ ತಮ್ಮ ಎದ್ದ. ನಾವು ಮೂವರೂ ಪರದೆಯ ಕಡೆ ನೋಡಿದೆವು. ಪಂದ್ಯ ನಡೆದೇ ಇತ್ತು.