ಹಳೆಯ ದೋಣಿ: ಇರಲೋ, ಹೋಗಲೋ?

ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯ ಸೀಮೆಯಲ್ಲಿ ಸಮುದ್ರದಂತಹ ಐದು ಮಹಾಸರೋವರಗಳಿವೆ. ಚಳಿಗಾಲ ಕಳೆದು ಮಂಜುಗಡ್ಡೆ ಕರಗಿತೆಂದರೆ ದಂಡೆಯ ಊರುಗಳವರು ತಮ್ಮ ದೋಣಿಗಳನ್ನು ನೀರಿಗಿಳಿಸುತ್ತಾರೆ. ಅವುಗಳಲ್ಲಿ ‘ಕ್ಯಾಬಿನ್ ಕ್ರೂಸರ್’ ಎಂಬುದೊಂದು ಬಗೆ. ಮಲಗಲು ಹಾಸಿಗೆ, ಪುಟ್ಟ ಅಡಿಗೆ ಕಟ್ಟೆ, ಶೌಚಾಲಯ, ತಳದಲ್ಲಿ ಎಂಜಿನ್. ತೇಲುವ ಒಂಟಿ ಕೋಣೆಯ ಮನೆ ಎನ್ನಿ! 1960-70ರ ದಶಕಗಳಲ್ಲಿ ಫೈಬರ್ ಗ್ಲಾಸ್ ಬಳಕೆ ಹೆಚ್ಚಿದಾಗ ಇಂಥವು ಮಧ್ಯಮ ವರ್ಗದವರ ಕೈಗೂ ಎಟುಕಿದವು. ಆಗಿನ ದೋಣಿಗಳು ಎಷ್ಟೋ ಇಂದಿಗೂ ಓಡುತ್ತಿವೆ. ಅವುಗಳ ಒಡೆಯರಿಗೆ ಪ್ರತಿವರ್ಷ ಒಂದೇ ಚಿಂತೆ: ದುರಸ್ತಿ ಮಾಡಿಸುವುದೋ, ಮಾರಿ ಬೇರೆ ಕೊಳ್ಳುವುದೋ?

ಇದು ಬರೀ ಮೋಜಿನ ಮಾತಲ್ಲ. ಮಕ್ಕಳ ಕಾಲೇಜಿಗೆಂದು ಕೂಡಿಟ್ಟ ಹಣ ದೋಣಿಯ ಹೊಟ್ಟೆ ಸೇರಬಹುದು. ಹಣ ಉಳಿಸಲು ಹೋದರೆ ಜೀವಕ್ಕೇ ಅಪಾಯವಾಗಬಹುದು. ತೀರ್ಮಾನಕ್ಕೆ ನೆರವಾಗುವುದು ಶಾಲೆಯಲ್ಲಿ ಕಲಿತ ವಿಜ್ಞಾನವೇ.

ಮೊದಲು ಮೈ ನೋಡೋಣ. ಫೈಬರ್ ಗ್ಲಾಸ್ ಎಂದರೆ ಗಾಜಿನ ಎಳೆಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ಪದರ ಪದರವಾಗಿ ಕೂರಿಸಿದ ವಸ್ತು. ಅದು ತುಕ್ಕು ಹಿಡಿಯದು, ಗೆದ್ದಲು ತಿನ್ನದು. ಆದರೆ ನೀರು ಹೊರಪದರವನ್ನು ದಾಟಿ ಬಹು ನಿಧಾನವಾಗಿ ಒಳಕ್ಕೆ ಜಿನುಗುತ್ತದೆ. ಅಲ್ಲಿ ಕರಗುವ ರಾಸಾಯನಿಕಗಳೊಡನೆ ಸೇರಿ ಗಾಢ ದ್ರಾವಣವಾಗುತ್ತದೆ. ಅಭಿಸರಣೆಯ ನಿಯಮದಂತೆ ಆ ದ್ರಾವಣ ಇನ್ನಷ್ಟು ನೀರನ್ನು ಎಳೆದುಕೊಂಡು ಒತ್ತಡ ಏರಿಸುತ್ತದೆ. ದೋಣಿಯ ತಳದಲ್ಲಿ ಬೊಬ್ಬೆಗಳು ಏಳುತ್ತವೆ. ಒಂದನ್ನು ಚುಚ್ಚಿದರೆ ಹುಳಿ ವಾಸನೆಯ ದ್ರವ ಹೊರಬರುತ್ತದೆ. ನೋಡಿದವರಿಗೆ ಗಾಬರಿಯೇನೋ ಆಗುತ್ತದೆ. ಆದರೆ ಕೆಲವೇ ಬೊಬ್ಬೆಗಳಿದ್ದರೆ ಕೆರೆದು, ಒಣಗಿಸಿ, ಎಪಾಕ್ಸಿ ಬಳಿದರೆ ಸಾಕು.

ನಿಜವಾದ ಶತ್ರು ಕಣ್ಣಿಗೆ ಕಾಣದ ಕಡೆ ಅಡಗಿರುತ್ತದೆ. ಅಂದಿನ ಅನೇಕ ದೋಣಿಗಳಲ್ಲಿ ತಳದ ಉದ್ದ ತೊಲೆಗಳೂ ಹಿಂಬದಿಯ ಹಲಗೆಯೂ ಮರದವು. ಮೇಲಷ್ಟೇ ಫೈಬರ್ ಹೊದಿಕೆ. ಯಾರೋ ಒಂದು ತಿರುಪು ಕೊರೆದು, ಸಂದು ಮುಚ್ಚದೆ ಬಿಟ್ಟಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ. ಮರದ ತೇವಾಂಶ ಸುಮಾರು 20 ಶೇಕಡಕ್ಕಿಂತ ಕೆಳಗಿದ್ದರೆ ಕೊಳೆ ಶಿಲೀಂಧ್ರ ಬೆಳೆಯದು. ಅದನ್ನು ಮೀರಿ ನೆನೆದೇ ಇದ್ದರೆ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಮರ ಹಿಟ್ಟಾಗುತ್ತದೆ. ಇದನ್ನು ಪತ್ತೆಹಚ್ಚುವ ಬಗೆ ನಮ್ಮವರಿಗೆ ಹೊಸದೇನಲ್ಲ. ಸಂತೆಯಲ್ಲಿ ಮಡಕೆಯನ್ನು ಬಡಿದು ನೋಡುವುದಿಲ್ಲವೇ? ದೋಣಿ ಪರೀಕ್ಷಕರು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲ ಅಂಗುಲವೂ ತಟ್ಟುತ್ತಾರೆ. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಕೊಳೆತ. ತೇವಾಂಶ ಅಳೆಯುವ ಮೀಟರೂ ಅವರ ಬಳಿ ಇರುತ್ತದೆ. ತೊಲೆಗಳೇ ಕೊಳೆತಿದ್ದರೆ ನೆಲಹಾಸನ್ನು ಕಿತ್ತು, ಕೆಲವೊಮ್ಮೆ ಎಂಜಿನ್ ಎತ್ತಿ, ಹೊಸದಾಗಿ ಕಟ್ಟಬೇಕು. ಆಗ ಮೂಗಿಗಿಂತ ಮೂಗುತಿಯೇ ಭಾರ.

ಹಾಗೆಂದು ವಯಸ್ಸೊಂದೇ ಅಳತೆಗೋಲಲ್ಲ. ಇಂಗ್ಲೆಂಡಿನ ‘ಸನ್‌ಡೌನರ್’ 1912ರಲ್ಲಿ ಕಟ್ಟಿದ ಮರದ ದೋಣಿ. ಟೈಟಾನಿಕ್ ದುರಂತದಲ್ಲಿ ಬದುಕುಳಿದ ಅಧಿಕಾರಿ ಚಾರ್ಲ್ಸ್ ಲೈಟೋಲರ್ ಅದನ್ನು ಕೊಂಡು ವಿಹಾರ ನೌಕೆಯಾಗಿ ಮಾರ್ಪಡಿಸಿಕೊಂಡಿದ್ದರು. 1940ರಲ್ಲಿ ಡನ್‌ಕರ್ಕ್ ತೀರದಿಂದ ಸುಮಾರು 130 ಸೈನಿಕರನ್ನು ಅದರಲ್ಲೇ ಕರೆತಂದರು. ಆಗ ಅದಕ್ಕೆ 28 ವರ್ಷ!

ಇನ್ನು ಎಂಜಿನ್. ಸರೋವರಗಳ ಸೀಮೆಯಲ್ಲಿ ಚಳಿಗಾಲಕ್ಕೆ ಮುನ್ನ ಎಂಜಿನ್‌ನೊಳಗಿನ ನೀರನ್ನು ಬಸಿಯಲೇಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಎರಕದ ಕಬ್ಬಿಣ ಸೀಳಲು ಅಷ್ಟು ಸಾಕು. ಒಂದು ವರ್ಷ ಮರೆತರೂ ಎಂಜಿನ್ ಹೋಯಿತೆಂದೇ ತಿಳಿಯಿರಿ. ಕಡಲಂಚಿನ ಫ್ಲಾರಿಡಾದಲ್ಲಿ ತೊಂದರೆ ಬೇರೆ. ಉಪ್ಪು ನೀರಿನಲ್ಲಿ ಎರಡು ಬಗೆಯ ಲೋಹಗಳು ಕೂಡಿದರೆ ವಿದ್ಯುತ್ಕೋಶವೇ ಆಗಿಬಿಡುತ್ತದೆ, ಅಲ್ಯೂಮಿನಿಯಂ ಭಾಗಗಳು ಸವೆಯುತ್ತವೆ. ಅದಕ್ಕಾಗಿ ಸತುವಿನ ತುಂಡುಗಳನ್ನು ಜೋಡಿಸುತ್ತಾರೆ. ಅವು ತಾವು ಕರಗಿ ಉಳಿದ ಲೋಹವನ್ನು ಕಾಯುತ್ತವೆ. ಸಿಹಿನೀರಾದರೆ ಮೆಗ್ನೀಸಿಯಂ. ಈ ಉಪಾಯವನ್ನು 1824ರಲ್ಲಿ ತಿಳಿಸಿದವರು ಹಂಫ್ರಿ ಡೇವಿ. ಅವರು ಹಡಗುಗಳ ತಾಮ್ರದ ಹೊದಿಕೆ ಸವೆಯುವುದನ್ನು ತಡೆದರು. ಆದರೆ ತಾಮ್ರ ಕರಗುವುದು ನಿಂತೊಡನೆ ಕಡಲಚಿಪ್ಪುಗಳು ಧಾರಾಳವಾಗಿ ಅಂಟಿಕೊಂಡವು!

ಪೆಟ್ರೋಲ್ ಎಂಜಿನ್‌ಗಳಲ್ಲಿ ಮತ್ತೊಂದು ಭಯವಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಹಳೆಯ ಕೊಳವೆ ಸೋರಿದರೆ ಅದು ದೋಣಿಯ ತಳದಲ್ಲಿ ಮಡುಗಟ್ಟಿ ಒಂದು ಕಿಡಿಗೆ ಕಾದಿರುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ 4 ನಿಮಿಷ ಫ್ಯಾನ್ ಓಡಿಸಿ ಆವಿಯನ್ನು ಹೊರದೂಡಬೇಕೆನ್ನುವುದು ಇದಕ್ಕೇ. ಹೊಗೆಕೊಳವೆ ತೂತಾದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರ ಕೋಣೆಗೇ ನುಗ್ಗುತ್ತದೆ. ದೋಣಿ ಇರಲಿ ಎಂದು ನಿರ್ಧರಿಸಿದವರು ಮೆತ್ತೆ, ಪರದೆ, ಬಣ್ಣಗಳಿಗಿಂತ ಮೊದಲು ಇಂಧನದ ಕೊಳವೆ, ಹೊಗೆಕೊಳವೆ, ವೈರುಗಳಿಗೆ ಹಣ ಹಾಕಬೇಕು. ಬಹಳ ಮಂದಿ ಮಾಡುವುದು ಇದಕ್ಕೆ ತಿರುಗಮುರುಗ.

ಲೆಕ್ಕ ಹಾಕುವಾಗ ಕಳೆದ ವರ್ಷಗಳಲ್ಲಿ ಸುರಿದ ಹಣವನ್ನು ಮರೆತುಬಿಡುವುದೇ ಜಾಣತನ. ಅದು ಹೇಗೂ ಬಾರದು. ತೊಲೆಗಳು ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಮುದಿಯಾಗಿದ್ದರೆ ಎಂಜಿನ್ ಬದಲಿಸಿ ಇಟ್ಟುಕೊಳ್ಳಬಹುದು. ಎರಡೂ ಕೆಟ್ಟಿದ್ದರೆ ಬಿಡುವುದೇ ಲೇಸು. ಕೊಳ್ಳುವುದು ಹೊಸದೇ ಆಗಬೇಕೆಂದೇನಿಲ್ಲ. ಪರೀಕ್ಷಕರು ತಟ್ಟಿ ಒಪ್ಪಿದ, ಕೆಲವು ವರ್ಷ ಓಡಿದ ದೋಣಿ ಹೆಚ್ಚು ಅಗ್ಗ. ಹೊಸ ದೋಣಿಯ ಬೆಲೆ ಮೊದಲ ವರ್ಷಗಳಲ್ಲೇ ಸರಸರನೆ ಇಳಿಯುತ್ತದೆ.

ಬಿಟ್ಟ ದೋಣಿಯ ಗತಿಯೇನು? ಪ್ಲಾಸ್ಟಿಕ್ ಬಕೆಟ್ಟಿನಂತೆ ಕರಗಿಸಿ ಮತ್ತೆ ಅಚ್ಚೊತ್ತಲು ಬಾರದು. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರ್ ರಾಳ ಬಿಸಿಗೆ ಸುಡುತ್ತದೆಯೇ ಹೊರತು ಕರಗದು. ಅಮೆರಿಕದಲ್ಲಿ ಹೆಚ್ಚಿನವು ಪುಡಿಯಾಗಿ ಕಸದ ಗುಂಡಿ ಸೇರುತ್ತವೆ. ಫ್ರಾನ್ಸ್ ದೇಶ 2019ರಲ್ಲಿ ಹಳೆಯ ವಿಹಾರ ದೋಣಿಗಳನ್ನು ಕಳಚಿ ವಿಲೇವಾರಿ ಮಾಡುವ ವ್ಯವಸ್ಥೆ ಆರಂಭಿಸಿತು. ಅದರ ವೆಚ್ಚಕ್ಕೆ ಹೊಸ ದೋಣಿ ಮಾರುವವರು ಹಣ ಕೊಡಬೇಕು. ದೋಣಿಯನ್ನು ಕಳಚುವ ಕೇಂದ್ರದವರೆಗೆ ಸಾಗಿಸುವ ಖರ್ಚು ಮಾತ್ರ ಒಡೆಯನದೇ.