ಜೂಜಿನ ಊರಿನಲ್ಲಿ ಊಟದ ಲೆಕ್ಕ

ಹಸಿದ ಮಕ್ಕಳ ಕೈಹಿಡಿದು ಒಂದು ಸಂಸಾರ ದೊಡ್ಡ ಹೋಟೆಲೊಂದರ ಬಾಗಿಲು ದಾಟಿ ಒಳಗೆ ಬರುತ್ತದೆ. ಊಟದ ಹಾಲ್ ಇರುವುದು ಕಟ್ಟಡದ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಹೋಗುವ ದಾರಿ ನೇರವಾಗಿಲ್ಲ. ಮಿನುಗುವ ದೀಪಗಳ, ಗಂಟೆ ಬಾರಿಸುವ ನೂರಾರು ಜೂಜಿನ ಯಂತ್ರಗಳ ನಡುವೆ ಅದು ಬಳಸಿಕೊಂಡು ಸಾಗುತ್ತದೆ. ಗೋಡೆಯ ಮೇಲೆ ಗಡಿಯಾರವಿಲ್ಲ, ಹೊರಗೆ ಕತ್ತಲಾಯಿತೇ ಎಂದು ನೋಡಲು ಕಿಟಕಿಯೂ ಇಲ್ಲ. ಮಕ್ಕಳು ಯಂತ್ರದ ಮುಂದೆ ಒಂದು ಗಳಿಗೆ ನಿಂತರೆ ಕಾವಲುಗಾರ ಬಂದು ಮುಂದೆ ನಡೆಯುವಂತೆ ಸೂಚಿಸುತ್ತಾನೆ. 21 ವರ್ಷ ತುಂಬದವರು ಇಲ್ಲಿ ಆಡುವಂತಿಲ್ಲ, ಸುಮ್ಮನೆ ನಿಲ್ಲುವಂತೆಯೂ ಇಲ್ಲ. ಊಟಕ್ಕೆಂದು ಹಾದುಹೋಗಲು ಮಾತ್ರ ಅಡ್ಡಿಯಿಲ್ಲ.

ಇದು ಅಮೆರಿಕದ ನೆವಾಡ ರಾಜ್ಯದ ಲಾಸ್ ವೇಗಸ್. ರಜೆ ಕಳೆಯಲು ಲೋಕದ ಮೂಲೆಮೂಲೆಯಿಂದ ಜನ ಬರುವ ಊರು. ಲಾಸ್ ಏಂಜಲಿಸ್‌ನಿಂದ ಸುಮಾರು 430 ಕಿಲೋಮೀಟರ್ ದೂರ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನಿಂದ ಬಂದ ಅಪ್ಪ-ಅಮ್ಮಂದಿರನ್ನು ಕಾರಿನಲ್ಲಿ ಕೂರಿಸಿಕೊಂಡು ಇಲ್ಲಿಗೂ ಒಂದು ಸುತ್ತು ಹೋಗಿಬರುವುದುಂಟು. ಜೂಜಾಡದವರೂ ಇಲ್ಲಿ ತಪ್ಪದೆ ಮಾಡುವ ಕೆಲಸವೊಂದಿದೆ. ಅದು ಊಟ. ಈ ಊರಿನ ಊಟದ ಕಥೆಯಲ್ಲಿ ಇತಿಹಾಸ, ಗಣಿತ, ಜೀವಶಾಸ್ತ್ರ ಮೂರೂ ಬೆರೆತಿವೆ.

ಒಂದು ಡಾಲರಿನ ಊಟ

ಸ್ಪ್ಯಾನಿಷ್ ಭಾಷೆಯಲ್ಲಿ ‘ಲಾಸ್ ವೇಗಸ್’ ಎಂದರೆ ಹುಲ್ಲುಗಾವಲು. ಮೊಹಾವೆ ಮರಳುಗಾಡಿನ ನಡುವೆ ನೀರಿನ ಒರತೆಗಳಿದ್ದ ಜಾಗ ಅದು. 1905ರಲ್ಲಿ ರೈಲ್ವೆ ಕಂಪನಿ ಇಲ್ಲಿನ ನಿವೇಶನಗಳನ್ನು ಹರಾಜು ಹಾಕಿದಾಗ ಊರು ಹುಟ್ಟಿತು. 1931ರಲ್ಲಿ ನೆವಾಡ ಸರ್ಕಾರ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಹತ್ತಿರದಲ್ಲಿ ಹೂವರ್ ಅಣೆಕಟ್ಟಿನ ಕೆಲಸವೂ ಆರಂಭವಾಯಿತು. 1941ರಲ್ಲಿ ಊರ ಹೊರಗಿನ ಹೆದ್ದಾರಿಯ ಬದಿ ‘ಎಲ್ ರಾಂಚೊ ವೇಗಸ್’ ಎಂಬ ಹೋಟೆಲು ತೆರೆಯಿತು. ಇಂದು ‘ಸ್ಟ್ರಿಪ್’ ಎಂದು ಹೆಸರಾದ ಆ ರಸ್ತೆಯ ಮೊದಲ ವಿಹಾರ ಹೋಟೆಲು ಅದೇ.

ಬೇಕಾದಷ್ಟು ಬಡಿಸಿಕೊಂಡು ತಿನ್ನುವ ಬಫೆ ಪದ್ಧತಿ ಈ ಊರಿನಲ್ಲಿ ಬೇರೂರಿದ್ದು ಆ ಹೋಟೆಲಿನಲ್ಲೇ. ನಡುರಾತ್ರಿಯ ನಂತರವೂ ಆಟದ ಮೇಜು ಬಿಟ್ಟೇಳದವರಿಗೆ ಹಸಿವಾಗುತ್ತದೆ. ಹಸಿದವರು ಎದ್ದು ಬೇರೆಡೆಗೆ ಹೋದರೆ ಮಾಲೀಕನಿಗೆ ನಷ್ಟ. ಅದಕ್ಕೆ ಉಪಾಯವಾಗಿ ರೊಟ್ಟಿ, ಗಿಣ್ಣು, ಮಾಂಸಗಳನ್ನು ಅಲ್ಲೇ ಜೋಡಿಸಿ, ತಲೆಗೆ ಒಂದು ಡಾಲರಿನಂತೆ ಹೊಟ್ಟೆ ತುಂಬ ತಿನ್ನಿ ಎಂದರು. ಊಟದಿಂದ ಲಾಭ ಬರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಊಟದ ಕೊರತೆಯನ್ನು ಆಟದ ಮೇಜು ತುಂಬಿಕೊಡುತ್ತಿತ್ತು. ಉಳಿದ ಹೋಟೆಲುಗಳೂ ಇದೇ ದಾರಿ ಹಿಡಿದವು. ಹಳೆಯ ಪೇಟೆಯ ‘ಗೋಲ್ಡನ್ ಗೇಟ್’ ಹೋಟೆಲಿನಲ್ಲಿ 1959ರಿಂದ ಒಂದು ಲೋಟ ಸೀಗಡಿಗೆ 50 ಸೆಂಟ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, 1991ರವರೆಗೆ, ಆ ಬೆಲೆ ಏರಲೇ ಇಲ್ಲ!

ಪುಕ್ಕಟೆ ಊಟದ ಗಣಿತ

‘ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಮಾತು ನಮ್ಮಲ್ಲಿದೆ. ಲಾಸ್ ವೇಗಸ್‌ನಲ್ಲಿ ಜೂಜಾಡುವವರಿಗೆ ಊಟದ ಚೀಟಿ ಪುಕ್ಕಟೆಯಾಗಿ ಸಿಗುತ್ತದೆ. ಅದರ ಹಿಂದಿನ ಲೆಕ್ಕ ತಿಳಿಯಲು ಪ್ರೌಢಶಾಲೆಯ ಸಂಭವನೀಯತೆಯ ಪಾಠವೇ ಸಾಕು. ವಿದ್ಯಾರ್ಥಿಗಳು ಕಾಗದ, ಪೆನ್ಸಿಲು ಹಿಡಿದು ಕೂರಬಹುದು.

ರೂಲೆಟ್ ಎಂಬ ತಿರುಗುವ ಚಕ್ರದ ಆಟವನ್ನೇ ನೋಡೋಣ. ಅಮೆರಿಕದ ಚಕ್ರದಲ್ಲಿ 1ರಿಂದ 36ರವರೆಗಿನ ಮನೆಗಳ ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ ಇರುತ್ತವೆ. ಒಟ್ಟು 38 ಮನೆ. ಒಬ್ಬಾತ 38 ಮನೆಗಳ ಮೇಲೂ ತಲಾ ಒಂದು ಡಾಲರ್ ಇಟ್ಟ ಎಂದುಕೊಳ್ಳಿ. ಗೋಲಿ ಯಾವುದಾದರೂ ಒಂದು ಮನೆಯಲ್ಲಿ ಬೀಳಲೇಬೇಕು. ಗೆದ್ದ ಮನೆಗೆ ಅವನು ಇಟ್ಟ ಒಂದು ಡಾಲರ್, ಮೇಲೆ 35 ಡಾಲರ್, ಒಟ್ಟು 36 ಡಾಲರ್ ಕೈಗೆ ಬರುತ್ತದೆ. ಹಾಕಿದ್ದು 38, ಬಂದದ್ದು 36. ಎರಡು ಡಾಲರ್ ಮನೆಯವನ ಪಾಲು. ನೂರಕ್ಕೆ 5.26ರಷ್ಟು. ಯಾವ ಮೋಸವೂ ಇಲ್ಲದೆ, ಚಕ್ರ ನ್ಯಾಯವಾಗಿ ತಿರುಗಿದರೂ ಬರುವ ಪಾಲು ಇದು. ಇತ್ತೀಚೆಗೆ ಸ್ಟ್ರಿಪ್‌ನ ಹಲವು ಕ್ಯಾಸಿನೊಗಳಲ್ಲಿ ಮೂರನೆಯ ಸೊನ್ನೆಯೂ ಸೇರಿದೆ. ಅಲ್ಲಿ 39 ಹಾಕಿದರೆ 36 ಬರುತ್ತದೆ. ಮನೆಯವನ ಪಾಲು ನೂರಕ್ಕೆ 7.69 ಆಗುತ್ತದೆ.

ಈಗ ಊಟದ ಚೀಟಿಗೆ ಬರೋಣ. ಒಬ್ಬಾತ ಎರಡು ಸೊನ್ನೆಯ ಚಕ್ರದ ಮುಂದೆ ನಾಲ್ಕು ಗಂಟೆ ಕೂತು, ಗಂಟೆಗೆ 40 ಸುತ್ತಿನಂತೆ, ಪ್ರತಿ ಸುತ್ತಿಗೆ 10 ಡಾಲರ್ ಹಾಕುತ್ತಾನೆ. 160 ಸುತ್ತಿಗೆ 1,600 ಡಾಲರ್. ಅದರಲ್ಲಿ ನೂರಕ್ಕೆ 5.26 ಎಂದರೆ ಸುಮಾರು 84 ಡಾಲರ್. ಅದೃಷ್ಟವಿದ್ದ ದಿನ ಅವನು ಗೆಲ್ಲಬಹುದು, ಇಲ್ಲದ ದಿನ ಇನ್ನಷ್ಟು ಸೋಲಬಹುದು. ಕ್ಯಾಸಿನೊ ಒಬ್ಬನ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾವಿರಾರು ಜನರ ಸರಾಸರಿಯನ್ನು ಹಿಡಿಯುತ್ತದೆ. ಪ್ರತಿ ಆಟಗಾರ ಎಷ್ಟು ಹೊತ್ತು, ಎಷ್ಟು ಪಣದಲ್ಲಿ ಆಡಿದ ಎಂದು ಬರೆದಿಟ್ಟುಕೊಂಡು, ಬರಬಹುದಾದ ಆ ಸರಾಸರಿ ನಷ್ಟದ ಒಂದು ಪಾಲನ್ನು ಮಾತ್ರ ಊಟ, ಕೋಣೆಗಳ ರೂಪದಲ್ಲಿ ಮರಳಿಸುತ್ತದೆ. ಮೂರರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೂ 28 ಡಾಲರಿನ ‘ಪುಕ್ಕಟೆ’ ಊಟಕ್ಕೆ ಅವನು ಸರಾಸರಿ 84 ಡಾಲರ್ ತೆತ್ತಂತಾಯಿತು.

ಉಚಿತ ಎಂಬ ಫಲಕ ಕಂಡಲ್ಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ: ಇದರ ಹಣ ಯಾವ ಬಾಗಿಲಿನಿಂದ ಒಳಗೆ ಬರುತ್ತಿದೆ?

ನಾಲಿಗೆಗೆ ಬೇಸರವಿಲ್ಲ

ಬಫೆಯ ಮುಂದೆ ನಿಂತವರು ಮನೆಯಲ್ಲಿ ತಿನ್ನುವುದಕ್ಕಿಂತ ಹೆಚ್ಚು ತಿನ್ನುವುದೇಕೆ? ಕೊಟ್ಟ ದುಡ್ಡು ವಸೂಲಾಗಲಿ ಎಂಬ ಆಸೆ ಒಂದು ಕಾರಣ. ಇನ್ನೊಂದು ಕಾರಣ ದೇಹದೊಳಗೇ ಇದೆ. ಒಂದೇ ತಿನಿಸನ್ನು ತಿನ್ನುತ್ತ ಹೋದಂತೆ ಅದರ ರುಚಿ ಸಪ್ಪೆಯೆನಿಸುತ್ತದೆ. ಬೇರೆ ರುಚಿ ಎದುರಾದರೆ ಆಸೆ ಮತ್ತೆ ಚಿಗುರುತ್ತದೆ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಒಂದೇ ಬಗೆಯ ಹೂರಣದ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದದ್ದಕ್ಕಿಂತ ನಾಲ್ಕು ಬಗೆಯ ಹೂರಣ ಕೊಟ್ಟಾಗ ಜನ ಸುಮಾರು ಮೂರನೇ ಒಂದರಷ್ಟು ಹೆಚ್ಚು ತಿಂದರು. ಮದುವೆಮನೆಯಲ್ಲಿ ಹೊಟ್ಟೆ ಬಿರಿಯೆ ಉಂಡ ಮೇಲೂ ಹೋಳಿಗೆಗೆ ಜಾಗ ಸಿಗುವುದರ ಗುಟ್ಟು ಇದೇ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಎರಡನೆಯ ತಟ್ಟೆ ಬಂದಿರುತ್ತದೆ.

ಬಡಿಸುವವರಿಗೂ ಈ ವಿದ್ಯೆ ಗೊತ್ತು. ಸಾಲಿನ ಮೊದಲಲ್ಲಿ ರೊಟ್ಟಿ, ಆಲೂಗಡ್ಡೆ, ಸೊಪ್ಪು ಮುಂತಾದ ಅಗ್ಗದ ತಿನಿಸುಗಳಿರುತ್ತವೆ. ದುಬಾರಿ ಮಾಂಸ ಕೊನೆಯಲ್ಲಿ, ಅದನ್ನು ಕತ್ತರಿಸಿ ಬಡಿಸಲು ಒಬ್ಬ ಅಡುಗೆಯವ. ಆದ್ದರಿಂದ ಮೊದಲು ಬರಿಗೈಯಲ್ಲಿ ಒಂದು ಸುತ್ತು ನೋಡಿಬಂದು ಆಮೇಲೆ ತಟ್ಟೆ ಹಿಡಿಯುವುದು ಜಾಣತನ.

ಆಹಾರದ ಸುರಕ್ಷತೆಗೂ ನಿಯಮಗಳಿವೆ. ಬಿಸಿ ಅಡುಗೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿಗಿಂತ ಮೇಲೇರಬಾರದು. ನಡುವಿನ ಉಷ್ಣತೆಯಲ್ಲಿ, ಹವೆ ಅನುಕೂಲವಾಗಿದ್ದರೆ, ಬ್ಯಾಕ್ಟೀರಿಯಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ನಾಲ್ಕು ಗಂಟೆಯಲ್ಲಿ 12 ಇಮ್ಮಡಿ, ಅಂದರೆ ಒಂದು ಜೀವಿಯಿಂದ 4,096! ಎರಡನೆಯ ಬಾರಿ ಬಡಿಸಿಕೊಳ್ಳಲು ಹೋಗುವವರು ಎಂಜಲು ತಟ್ಟೆ ಒಯ್ಯುವಂತಿಲ್ಲ, ಹೊಸ ತಟ್ಟೆ ತೆಗೆದುಕೊಳ್ಳಬೇಕು. ಜಿಲ್ಲೆಯ ಆರೋಗ್ಯ ಇಲಾಖೆ ಪ್ರತಿ ಊಟದ ಮನೆಗೂ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಕೊಡುತ್ತದೆ. ಅದನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಬೇಕು.

ಬಿಲ್ಲನ್ನು ಓದುವ ಬಗೆ

ಅಗ್ಗದ ಊಟದ ಕಾಲ ಈಗ ಮುಗಿದಿದೆ. 1992ರಲ್ಲಿ ವುಲ್ಫ್‌ಗ್ಯಾಂಗ್ ಪಕ್ ಎಂಬ ಹೆಸರಾಂತ ಬಾಣಸಿಗ ಸೀಸರ್ಸ್ ಹೋಟೆಲಿನ ಅಂಗಡಿ ಸಾಲಿನಲ್ಲಿ ‘ಸ್ಪಾಗೊ’ ತೆರೆದ. ಅವನ ಹಿಂದೆಯೇ ಇತರ ದೊಡ್ಡ ಹೆಸರುಗಳು ಬಂದವು. ಊಟವೇ ಆಕರ್ಷಣೆಯಾಯಿತು. 1999ರಿಂದೀಚೆಗೆ ಸ್ಟ್ರಿಪ್‌ನ ದೊಡ್ಡ ಹೋಟೆಲುಗಳ ವರಮಾನದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಕೋಣೆ, ಊಟ, ಮನರಂಜನೆಗಳದೇ ಹೆಚ್ಚು. 2020ರ ಮಾರ್ಚಿಯಲ್ಲಿ ಕೊರೊನಾದಿಂದ ಎಲ್ಲ ಬಫೆಗಳೂ ಮುಚ್ಚಿದವು. ಅನೇಕವು ಮತ್ತೆ ತೆರೆಯಲೇ ಇಲ್ಲ. ಉಳಿದವುಗಳಲ್ಲಿ ದೊಡ್ಡದಾದ ಸೀಸರ್ಸ್ ಪ್ಯಾಲೆಸ್‌ನ ‘ಬಕನಾಲ್’ನಲ್ಲಿ ರಾತ್ರಿಯೂಟಕ್ಕೆ ತಲೆಗೆ 80 ಡಾಲರಿಗೂ ಹೆಚ್ಚು.

ಸಾಮಾನ್ಯ ಊಟದ ಮನೆಯಲ್ಲೂ ಪಟ್ಟಿಯಲ್ಲಿ ಕಂಡ ಬೆಲೆ ಕೊನೆಯ ಬೆಲೆಯಲ್ಲ. ನಾಲ್ವರ ಸಂಸಾರ ತಲಾ 30 ಡಾಲರಿನ ಊಟ ಮಾಡಿತೆನ್ನಿ. ಅಲ್ಲಿಗೆ 120 ಡಾಲರ್. ನೂರಕ್ಕೆ 8.375ರಂತೆ ಮಾರಾಟ ತೆರಿಗೆ 10 ಡಾಲರ್ 5 ಸೆಂಟ್. ಬಡಿಸಿದವರಿಗೆ ನೂರಕ್ಕೆ 18ರಂತೆ ಟಿಪ್ಸ್ ಕೊಟ್ಟರೆ 21 ಡಾಲರ್ 60 ಸೆಂಟ್. ಒಟ್ಟು 151 ಡಾಲರ್ 65 ಸೆಂಟ್. ದೊಡ್ಡ ಗುಂಪಾದರೆ ಟಿಪ್ಸ್ ಬಿಲ್ಲಿನಲ್ಲೇ ಸೇರಿರುವುದುಂಟು. ನೋಡದೆ ಎರಡನೆಯ ಬಾರಿ ಕೊಟ್ಟು ಬರುವವರೂ ಇದ್ದಾರೆ.

ಸಸ್ಯಾಹಾರಿಗಳು ಬಾಯಿಬಿಟ್ಟು ಕೇಳಿ ತಿಳಿಯಬೇಕು. ತರಕಾರಿ ಸೂಪಿಗೆ ಮಾಂಸದ ರಸ, ಬೇಯಿಸಿದ ಹುರುಳಿಗೆ ಹಂದಿಯ ಕೊಬ್ಬು ಬಳಸುವುದುಂಟು. ಕೇಳಿದರೆ ದಾರಿಯಿದೆ. ‘ವಿನ್’ ಹೋಟೆಲಿನ ಊಟದ ಮನೆಗಳು 2010ರಿಂದ ಹಾಲು, ತುಪ್ಪವೂ ಇಲ್ಲದ ಶುದ್ಧ ಸಸ್ಯಾಹಾರದ ಪಟ್ಟಿ ಇಟ್ಟಿವೆ.

ಎಲ್ಲರಿಗೂ ತೆರೆಯದ ಬಾಗಿಲು

ಝಗಝಗಿಸುವ ಈ ಊಟದ ಮನೆಗಳು ಒಂದು ಕಾಲಕ್ಕೆ ಎಲ್ಲರನ್ನೂ ಒಳಗೆ ಬಿಡುತ್ತಿರಲಿಲ್ಲ. ನ್ಯಾಟ್ ಕಿಂಗ್ ಕೋಲ್, ಸ್ಯಾಮಿ ಡೇವಿಸ್ ಅವರಂಥ ಕಪ್ಪು ಜನಾಂಗದ ಗಾಯಕರು ಹೋಟೆಲಿನ ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅದೇ ಹೋಟೆಲಿನಲ್ಲಿ ಕೂತು ಉಣ್ಣುವಂತಿರಲಿಲ್ಲ, ತಂಗುವಂತೆಯೂ ಇರಲಿಲ್ಲ. 1955ರಲ್ಲಿ ಎಲ್ಲ ಬಣ್ಣದವರಿಗೂ ಬಾಗಿಲು ತೆರೆದ ‘ಮುಲಾ ರೂಜ್’ ಹೋಟೆಲು ಕೆಲವೇ ತಿಂಗಳಲ್ಲಿ ಮುಚ್ಚಿತು. 1960ರಲ್ಲಿ ದಂತವೈದ್ಯ ಡಾ. ಜೇಮ್ಸ್ ಮೆಕ್‌ಮಿಲನ್ ನೇತೃತ್ವದಲ್ಲಿ ಕಪ್ಪು ಜನ ಸ್ಟ್ರಿಪ್‌ನಲ್ಲಿ ಮೆರವಣಿಗೆ ಹೊರಡುವುದಾಗಿ ಎಚ್ಚರಿಸಿದರು. ಪ್ರವಾಸಿಗಳು ದೂರವಾದಾರೆಂಬ ಭಯ ಮಾಲೀಕರನ್ನು ಮಣಿಸಿತು. ಮಾರ್ಚ್ 26ರಂದು, ಮುಚ್ಚಿಹೋಗಿದ್ದ ಅದೇ ಹೋಟೆಲಿನಲ್ಲಿ ಸೇರಿದ ಸಭೆಯಲ್ಲಿ ಒಪ್ಪಂದವಾಯಿತು. ಇಂದು ಯಾವ ಮಗುವೂ ಯಾವ ಮೇಜಿನಲ್ಲೂ ಕೂತು ಉಣ್ಣಬಹುದಾದರೆ ಅದು ಹೋರಾಡಿ ಪಡೆದದ್ದು.

ಎಂಜಲೂ ನೀರೂ

ತಟ್ಟೆಯಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಉತ್ತರ ಲಾಸ್ ವೇಗಸ್‌ನಲ್ಲಿದ್ದ ‘ಆರ್.ಸಿ. ಫಾರ್ಮ್ಸ್’ ಎಂಬ ಹಂದಿ ಸಾಕಣೆ ಕೇಂದ್ರ 1960ರ ದಶಕದಿಂದ ಹಲವು ದಶಕಗಳ ಕಾಲ ಕ್ಯಾಸಿನೊಗಳ ಎಂಜಲನ್ನು ತಂದು, ರೋಗ ಹರಡದಂತೆ ಕುದಿಸಿ, ಹಂದಿಗಳಿಗೆ ಉಣಿಸುತ್ತಿತ್ತು. ಊರು ಬೆಳೆದು ಸುತ್ತ ಮನೆಗಳೆದ್ದ ಮೇಲೆ ಈ ಕೆಲಸ ಊರಾಚೆಗೆ ಸರಿಯಿತು.

ನೀರಿನ ಕಥೆ ಇನ್ನೂ ಗಂಭೀರ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. 2024ರ ಜುಲೈ 7ರಂದು ಉಷ್ಣತೆ 48.9 ಡಿಗ್ರಿ ತಲುಪಿ ಹಳೆಯ ದಾಖಲೆಗಳನ್ನೆಲ್ಲ ಮೀರಿತು. ಊರಿನ ನೀರಿನಲ್ಲಿ ನೂರಕ್ಕೆ 90ರಷ್ಟು ಬರುವುದು ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದಿಂದ. ತುಂಬಿದಾಗ ಸಮುದ್ರಮಟ್ಟದಿಂದ ಸುಮಾರು 1,220 ಅಡಿ ಎತ್ತರಕ್ಕೆ ನಿಲ್ಲುವ ಆ ನೀರು 2022ರ ಜುಲೈನಲ್ಲಿ ಸುಮಾರು 1,040 ಅಡಿಗೆ ಕುಸಿಯಿತು. ಬಂಡೆಗಳ ಮೇಲೆ ಉಳಿದ ಬಿಳಿಯ ಪಟ್ಟೆ ಆ ಇಳಿತದ ಗುರುತು. ಈ ಊರು ಒಂದು ಜಾಣ ಕೆಲಸವನ್ನೂ ಮಾಡಿದೆ. ಅಡುಗೆಮನೆ, ಬಚ್ಚಲುಗಳಿಂದ ಚರಂಡಿ ಸೇರಿದ ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶುದ್ಧಮಾಡಿ ಮತ್ತೆ ಬಳಕೆಗೆ ತರುತ್ತದೆ, ಬಹುಪಾಲನ್ನು ಸರೋವರಕ್ಕೇ ಹಿಂದಿರುಗಿಸುತ್ತದೆ. ತಟ್ಟೆ ತೊಳೆದ ನೀರು ಮರಳಿ ಬರುತ್ತದೆ. ಹುಲ್ಲುಹಾಸಿಗೆ ಚೆಲ್ಲಿ ಆವಿಯಾದದ್ದು ಮಾತ್ರ ಕಳೆದುಹೋದಂತೆಯೇ.

ಊಟ ಮುಗಿಸಿದ ಸಂಸಾರ ಅದೇ ಜೂಜಿನ ಯಂತ್ರಗಳ ನಡುವೆ ಹಾದು ಹೊರಗೆ ಬರಬೇಕು. ಮಕ್ಕಳ ಕಣ್ಣು ಅತ್ತ ಹೊರಳುವುದು ಸಹಜ. ಅವರನ್ನು ಗದರಿಸಿ ಎಳೆದುಕೊಂಡು ಹೋಗುವುದರ ಬದಲು, ಹೊರಗಿನ ಗಾಳಿಯಲ್ಲಿ ಒಂದೆಡೆ ಕೂತು 38 ಮನೆಯ ಚಕ್ರವನ್ನು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಬಹುದು. 38ರಿಂದ 36 ಕಳೆಯುವ ಲೆಕ್ಕ ಐದನೇ ತರಗತಿಯ ಮಗುವಿಗೂ ಬರುತ್ತದೆ. ಅದನ್ನು ಕಳೆಯಲು ಮರೆತ ದೊಡ್ಡವರ ದುಡ್ಡಿನಿಂದಲೇ ಈ ಊರಿನ ದೀಪಗಳಲ್ಲಿ ಅನೇಕವು ಉರಿಯುತ್ತಿವೆ.