ಬಡಗಿಯ ಕಣ್ಣಿನ ಕಬ್ಬಿಣ ಸೇತುವೆ

ಒಂದು ತೊಲೆಯ ತುದಿ ಇನ್ನೊಂದರ ತೂತಿನೊಳಗೆ ಕೂತಿದೆ. ಅಲುಗದಂತೆ ಬೆಣೆ ಬಡಿದಿದ್ದಾರೆ. ಬಾಗಿಲುವಾಡ ಮಾಡುವ ಯಾವ ಬಡಗಿಯೂ ಗುರುತಿಸಬಲ್ಲ ಜೋಡಣೆ ಇದು. ಆದರೆ ತೊಲೆ ಮರದ್ದಲ್ಲ, ಎರಕದ ಕಬ್ಬಿಣದ್ದು.

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಸೆವರ್ನ್ ನದಿಯ ಮೇಲೆ 1779ರಲ್ಲಿ ಎದ್ದು ನಿಂತ ಈ ಸೇತುವೆಗೆ ಮುನ್ನ, ಇಷ್ಟು ದೊಡ್ಡದನ್ನು ಯಾರೂ ಎರಕದ ಕಬ್ಬಿಣದಲ್ಲಿ ಕಟ್ಟಿರಲಿಲ್ಲ. ಹೇಗೆ ಜೋಡಿಸಬೇಕೆಂದು ಹೇಳಿಕೊಡುವವರೂ ಇರಲಿಲ್ಲ. ಮರದಲ್ಲಿ ಪಳಗಿದ ಬುದ್ಧಿಯನ್ನೇ ಕಬ್ಬಿಣಕ್ಕೆ ಹಚ್ಚಿದರು. ಸುಮಾರು 1,700 ತುಂಡುಗಳು. ಒಂದೇ ಬಗೆಯ ತುಂಡುಗಳೂ ಅಳತೆಯಲ್ಲಿ ಕೊಂಚ ಕೊಂಚ ಬೇರೆ. ನನಗೆ ಈ ಸೇತುವೆ ಪ್ರಿಯವಾಗಿರುವುದು ಆ ಕೈಗೆಲಸದ ಗುರುತಿಗಾಗಿ.

ಕಡಿದಾದ ದಡ, ಜಾರುವ ನೆಲ, ಕೆಳಗೆ ಸರಕು ದೋಣಿಗಳ ಓಡಾಟ. ನಡುವೆ ಕಂಬ ನೆಡದೆ 30 ಮೀಟರ್ ದಾಟಬೇಕಿತ್ತು. ನಕ್ಷೆ ಬರೆದ ಥಾಮಸ್ ಪ್ರಿಚರ್ಡ್ 1777ರಲ್ಲೇ ತೀರಿಕೊಂಡರು. ಎರಕ ಹೊಯ್ಯಿಸಿ ನಿಲ್ಲಿಸಿದವರು ಮೂರನೆಯ ಅಬ್ರಹಾಂ ಡಾರ್ಬಿ. 1709ರಲ್ಲಿ ಇದೇ ಕಣಿವೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್‌ ಬಳಸಿ ಕಬ್ಬಿಣ ತೆಗೆದವರ ಮೊಮ್ಮಗ. ಖರ್ಚು ಅಂದಾಜು ಮೀರಿತು, ಸಾಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1781ರ ಹೊಸ ವರ್ಷದ ದಿನ ಸಂಚಾರ ಶುರುವಾಯಿತು. ಸೈನಿಕರಾಗಲಿ ರಾಜಮನೆತನದವರಾಗಲಿ ಸುಂಕ ಕೊಟ್ಟೇ ದಾಟಬೇಕೆಂದು ಸುಂಕದ ಹಲಗೆ ಹೇಳುತ್ತದೆ.

ಎರಕದ ಕಬ್ಬಿಣ ಒತ್ತಡ ತಾಳುತ್ತದೆ, ಎಳೆತ ತಾಳದು. ಕಮಾನಿನಲ್ಲಿ ತುಂಡುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವುದರಿಂದ ಅದು ಇಲ್ಲಿ ಬಾಳಿತು. 1795ರ ಪ್ರವಾಹ ಸೆವರ್ನ್‌ನ ಹಲವು ಸೇತುವೆಗಳನ್ನು ಜಖಂಗೊಳಿಸಿದಾಗಲೂ ಇದು ಜಗ್ಗಲಿಲ್ಲ. ಇದನ್ನು ಕಾಡಿದ್ದು ಎರಡೂ ಬದಿಯ ಗುಡ್ಡ. ದಡಗಳು ನಿಧಾನವಾಗಿ ಒಳಕ್ಕೆ ಜರುಗಿ ಕಮಾನನ್ನು ಹಿಂಡಿದವು, ತುಂಡುಗಳು ಬಿರುಕು ಬಿಟ್ಟವು. 1934ರಲ್ಲಿ ವಾಹನ ಸಂಚಾರ ನಿಲ್ಲಿಸಿದರು. 1970ರ ದಶಕದಲ್ಲಿ ನದಿಯ ತಳಕ್ಕೆ ಕಾಂಕ್ರೀಟ್ ಹಾಸಿ, ದಡಗಳು ಹತ್ತಿರವಾಗದಂತೆ ತಡೆದರು.

378 ಟನ್ ಕಬ್ಬಿಣವನ್ನು ನದಿಯ ಮೇಲೆ ಎತ್ತಿ ಕೂರಿಸಿದ್ದು ಹೇಗೆ? ಎರಡು ಶತಮಾನ ಬರೀ ಊಹೆ. 1997ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ವೀಡನ್ನಿನ ಕಲಾವಿದ ಎಲಿಯಾಸ್ ಮಾರ್ಟಿನ್ ಬರೆದ ಪುಟ್ಟ ಜಲವರ್ಣ ಚಿತ್ರ ಬೆಳಕಿಗೆ ಬಂತು. ಅರ್ಧ ಎದ್ದ ಕಮಾನು, ನದಿಯ ನಡುವೆ ಮರದ ಅಟ್ಟಣೆ. ಆ ಚಿತ್ರವನ್ನು ಹಿಡಿದು ಅರ್ಧ ಅಳತೆಯ ಕಮಾನೊಂದನ್ನು ಹಾಗೆಯೇ ಕಟ್ಟಿ ನೋಡಿದರು. ಅದು ನಿಂತಿತು.